ಶರಾವತಿ ನರ್ಸಮ್ಮನ ಸುಳ್ಳು ಮಗ

ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನರ್ಸ್ ಶರಾವತಿ, "ಮೂರು. ಎರಡು ನಿಜ, ಒಂದು ಸುಳ್ಳು" ಎನ್ನುತ್ತಿದ್ದಳು. ಎಂಬತ್ತೆಂಟನೇ ಇಸವಿಯ ಹೊತ್ತಿಗೆ ಹೊಸನಗರ ತಾಲೂಕಿನ ಹಾರೆಕೊಪ್ಪದ ಸಬ್‌ಸೆಂಟರಿನಲ್ಲಿ ಹನ್ನೊಂದು ವರ್ಷ ಕಳೆದಿದ್ದಳು. ಈ ಮಾತನ್ನು ಎಷ್ಟು ಸಲ ಹೇಳಿದ್ದಳೆಂದರೆ ಹೊಸದಾಗಿ ಬಂದ ಡಾಕ್ಟರಿಗೂ ಅದು ಬಾಯಿಪಾಠವಾಗಿತ್ತು. ಸುಳ್ಳು ಮಗನ ಹೆಸರು ಉಮಾಮಹೇಶ್ವರ. ಹುಟ್ಟಿದ್ದು ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ, ಎಪ್ಪತ್ತೇಳನೇ ಇಸವಿ, ಒಂದು ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ. "ನೋವಿಲ್ಲ, ನರಳಾಟ ಇಲ್ಲ. ಬಾಯಿ ತೆಗೆದೆ, ಹುಟ್ಟಿಬಿಟ್ಟ" ಎಂದು ತನ್ನನ್ನೇ ಆಡಿಕೊಂಡು ನಗುತ್ತಿದ್ದಳು.

ಆ ಹೆರಿಗೆಗೆ ಕಾರಣವಿತ್ತು. ಶರಾವತಿ ಸಾಗರದವಳು. ಅಪ್ಪ ಗುತ್ಯಪ್ಪ ಅಕ್ಕಿ ಗಿರಣಿಯಲ್ಲಿ ಮಿಷನ್ ನೋಡಿಕೊಳ್ಳುತ್ತಿದ್ದ. ಅಮ್ಮ ತೀರಿಹೋದ ಮೇಲೆ ಇದ್ದೊಬ್ಬ ಮಗಳನ್ನು ಹಟ ಹಿಡಿದು ಓದಿಸಿ, ಶಿವಮೊಗ್ಗಕ್ಕೆ ಟ್ರೈನಿಂಗಿಗೆ ಕಳಿಸಿದ್ದ. ಶರಾವತಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಹೆರಿಗೆಯ ಪಾಠದಲ್ಲಂತೂ ಅವಳನ್ನು ಮೀರಿಸುವವರೇ ಇರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದಳು. ಇಂಥ ಪಂಡಿತೆಯನ್ನು ಸರ್ಕಾರ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಗೆ ಹಾಕಿತು.

ಆ ಹಳ್ಳಿಯಲ್ಲಿ ಬಿಳಿ ಸೀರೆ ಕಂಡರೆ ಸಾಕು, ಸಂತಾನಹರಣದ ಆಪರೇಷನ್ನಿಗೆ ಹಿಡಿಯಲು ಬಂದರೆಂದು ಗಂಡಸರು ಹಿತ್ತಲ ಬಾಗಿಲಿನಿಂದ ಜಾಗ ಖಾಲಿ ಮಾಡುತ್ತಿದ್ದರು. ಉಳಿದ ಹೆಂಗಸರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಿಂಗೆಷ್ಟು ಮಕ್ಳು?" ಇನ್ನೂ ಮದುವೆಯೇ ಆಗಿಲ್ಲ ಎಂದರೆ ಪಾಪ ಎಂದು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಹೆತ್ತು ಗೊತ್ತಿಲ್ಲದವಳು ಹೆರಿಗೆ ಮಾಡಿಸುವುದೆಂದರೆ ಏನು ಅರ್ಥ? ಹನ್ನೊಂದು ತಿಂಗಳಲ್ಲಿ ಶರಾವತಿಗೆ ಸಿಕ್ಕಿದ್ದು ಎರಡೇ ಹೆರಿಗೆ. ಒಂದಕ್ಕೆ ಅವಳು ಹೋಗುವಷ್ಟರಲ್ಲಿ ಮಗು ತೊಟ್ಟಿಲಲ್ಲಿತ್ತು. ಇನ್ನೊಂದರಲ್ಲಿ, ಕೋಣೆಯ ಒಳಗೆ ಬಿಡದೆ, ಫಸ್ಟ್ ಕ್ಲಾಸಿನವಳ ಕೈಲಿ ಬಚ್ಚಲ ಹಂಡೆಗೆ ಸೌದೆ ಹಾಕಿಸಿದರು.

ಹಾರೆಕೊಪ್ಪಕ್ಕೆ ವರ್ಗವಾಗಿ, ಟ್ರಂಕು ಹಿಡಿದು ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ವಿಚಾರಿಸಿಕೊಂಡಳು. ಎಲ್ಲಿಗೆ, ಯಾವ ಊರು, ಯಾವ ಕೆಲಸ ಎಲ್ಲ ಆದಮೇಲೆ ಅದೇ ಪ್ರಶ್ನೆ ಬಂತು.

"ಎಷ್ಟ್ ಮಕ್ಳು?"

"ಒಂದು. ಗಂಡು" ಎಂದುಬಿಟ್ಟಳು ಶರಾವತಿ. ಹೇಗೆ ಹೇಳಿದೆನೋ ಅವಳಿಗೇ ತಿಳಿಯಲಿಲ್ಲ.

"ಹೆಸ್ರು?"

ಎದುರಿಗೆ ಹೊರಡಲು ನಿಂತಿದ್ದ ಬಸ್ಸಿನ ಹಣೆಯ ಮೇಲೆ ಕೆಂಪು ಅಕ್ಷರದಲ್ಲಿ ಉಮಾಮಹೇಶ್ವರ ಎಂದು ಬರೆದಿತ್ತು. ಮಗನಿಗೆ ನಾಮಕರಣವೂ ಆಯಿತು. ಆಗ ಆ ಹೆಂಗಸಿನ ಕಣ್ಣು ಮೆಲ್ಲಗೆ ಶರಾವತಿಯ ಕುತ್ತಿಗೆಗೆ ಬಂತು.

"ಕರಿಮಣಿ ಎಲ್ಲಿ?"

"ದಾರ ಸವೆದಿತ್ತು. ಪೋಣಿಸಾಕೆ ಕೊಟ್ಟೀನಿ. ಟ್ರಂಕ್ ನೋಡ್ಕಳಿ, ಈಗ ತಂದೆ" ಎಂದವಳೇ ಪೇಟೆಗೆ ಓಡಿದಳು. ಅಂಗಡಿಯವನು ಯಾರಿಗಮ್ಮ ಎಂದು ಕೇಳಿದ್ದಕ್ಕೆ ಅತ್ತಿಗೆಗೆ ಎಂದಳು. ಸಂದಿಯಲ್ಲಿ ನಿಂತು ತಾನೇ ಕಟ್ಟಿಕೊಂಡು, ಬೆವರು ಒರೆಸುತ್ತ ಬಂದು ಕೂತಳು. ಗಂಡ ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಮಿಲಿಟರಿ, ಅಸ್ಸಾಂ ಕಡೆ ಎಂದಳು. ಅದಕ್ಕಿಂತ ದೂರದ ಜಾಗ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಕಾಲುಂಗುರ ಮರೆತೇ ಹೋಗಿತ್ತು. ಡ್ಯೂಟಿಯಲ್ಲಿ ಹಾಕುವ ಹಾಗಿಲ್ಲ ಎಂದಳು. ಹೀಗೆ ಬಸ್ಸು ಹೊರಡುವ ಮೊದಲು ಶರಾವತಿಗೆ ಮಗ ಹುಟ್ಟಿದ, ಆಮೇಲೆ ತಾಳಿ ಬಂತು, ಕಟ್ಟಕಡೆಗೆ ಗಂಡ ಸಿಕ್ಕಿದ.

ಆ ಹೆಂಗಸು ಹಾರೆಕೊಪ್ಪದ ಹುಲಿಯಮ್ಮ. ಬೇರೆ ಯಾರ ಹತ್ತಿರ ಸುಳ್ಳು ಹೇಳಿದ್ದರೂ ಊರು ತಲುಪುವಷ್ಟರಲ್ಲಿ ಕರಗಿ ಹೋಗುತ್ತಿತ್ತೇನೋ. ಆದರೆ ಬಸುರಿ ಬಾಣಂತಿಯರ ವಿಷಯದಲ್ಲಿ ಹಾರೆಕೊಪ್ಪದಲ್ಲಿ ಹುಲಿಯಮ್ಮನ ಮಾತೇ ಮಾತು. ಅವಳು ಹೂಂ ಎನ್ನದೆ ಯಾರ ಮನೆಯಲ್ಲೂ ಹೆರಿಗೆ ಕೋಣೆಯ ಬಾಗಿಲು ತೆರೆಯುತ್ತಿರಲಿಲ್ಲ. ಬಸ್ಸಿಳಿದವಳೇ ಎದುರು ಸಿಕ್ಕವರಿಗೆಲ್ಲ ಹೇಳಿದಳು: "ಹೊಸ ನರ್ಸಮ್ಮ ಬಂದಿದಾಳೆ. ಹೆತ್ತವಳು. ಒಂದು ಗಂಡು ಮಗು ಇದೆ." ಊರು ಬಾಗಿಲು ತೆರೆಯಿತು.

ಇಲ್ಲಿಂದ ಮುಂದೆ ಕೆಲಸ ಮಾಡಿದವನು ಉಮಾಮಹೇಶ್ವರ. ಬಸುರಿ ಹೊಟ್ಟೆತುಂಬ ಉಂಡರೆ ಮಗು ದಪ್ಪಗಾಗಿ ಸಿಕ್ಕಿಕೊಳ್ಳುತ್ತದೆ ಎಂದು ಅತ್ತೆಯರು ಅರ್ಧ ಊಟ ಹಾಕುತ್ತಿದ್ದರು. ರಕ್ತ, ಪುಷ್ಟಿ, ಕಬ್ಬಿಣದ ಅಂಶ ಎಂದು ಶರಾವತಿ ಗಂಟಲು ಹರಿದುಕೊಂಡಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ನಮ್ ಉಮಾಮಹೇಶ್ವರ ಹೊಟ್ಟೇಲಿದ್ದಾಗ ನಾನು ಸೊಪ್ಪು, ಹುರುಳಿಕಟ್ಟು, ಮೂರು ಹೊತ್ತು ಉಂಡೆ. ಸಲೀಸಾಗಿ ಆಯ್ತು" ಎಂದಳು. ಮರುದಿನದಿಂದ ಬಸುರಿಯರ ತಟ್ಟೆಗೆ ಅನ್ನ ಬಿತ್ತು. ಮೊದಲ ಹಾಲು ಹಿಂಡಿ ಚೆಲ್ಲುವುದನ್ನು ಉಮಾಮಹೇಶ್ವರ ನಿಲ್ಲಿಸಿದ. ಇಂಜೆಕ್ಷನ್ನಿಗೆ ತೋಳು ಕೊಡುವಂತೆ ಮಾಡಿದವನೂ ಅವನೇ. ಎರಡು ವರ್ಷ ಬೆಂಚಿನ ಮೇಲೆ ಕೂತು ಕಲಿತದ್ದು ಮಾಡಲಾರದ್ದನ್ನು ಹುಟ್ಟದೇ ಇದ್ದ ಮಗು ಮಾಡುತ್ತಿದ್ದುದನ್ನು ನೋಡಿ ಶರಾವತಿಗೆ ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಸುಳ್ಳು ಸಾಕುವುದು ಸುಲಭದ ಕೆಲಸವಲ್ಲ. ಮಗ ಸಾಗರದಲ್ಲಿ ಅಜ್ಜನ ಹತ್ತಿರ ಬೆಳೆಯುತ್ತಿದ್ದಾನೆ ಎಂದು ಊರಿಗೆ ಹೇಳಿದ್ದಳು. ಮಗನಿಗೆ ಹಲ್ಲು ಬಂತಾ, ನಡೆದನಾ, ಎಂತ ಮಾತಾಡ್ತಾನೆ ಎಂದು ದಿನಾ ಕೇಳುವವರೇ. ಶರಾವತಿ ಪುಸ್ತಕ ನೋಡಿ ಯಾವ ತಿಂಗಳಿಗೆ ಯಾವ ಹಲ್ಲು ಎಂದು ಖಚಿತ ಮಾಡಿಕೊಂಡು ಉತ್ತರಿಸುತ್ತಿದ್ದಳು. ಸಾಗರಕ್ಕೆ ಹೊರಟರೆ ಚಕ್ಕುಲಿ, ಹಲಸಿನ ಹಪ್ಪಳ, ಬಾಳೆಗೊನೆ, ಎಲ್ಲ ಉಮಾಮಹೇಶ್ವರನಿಗೆ. ಸಾಗರ ಮುಟ್ಟುವ ಮೊದಲು ಕರಿಮಣಿ ಬಿಚ್ಚಿಡುತ್ತಿದ್ದಳು. ತಿಂಡಿ ಅರ್ಧ ಅಪ್ಪ ತಿಂದ, ಅರ್ಧ ಅವಳು ತಿಂದಳು. ಮಗನ ಹೆಸರು ಹೇಳಿಕೊಂಡು ತಾಯಿ ದಪ್ಪಗಾದಳು. ಒಂದು ಸಲ ಸಾಗರದ ಪೇಟೆಯಲ್ಲಿ ಸಣ್ಣ ಸ್ವೆಟರೊಂದನ್ನು ಎತ್ತಿ ಹಿಡಿದು, ಅವನಿಗೆ ಬಿಗಿಯಾಗಬಹುದೇನೋ ಎಂದು ಯೋಚಿಸಿ, ಆಮೇಲೆ ತನಗೇ ತಲೆ ಕೆಟ್ಟಿತೆಂದು ಅಲ್ಲಿಂದ ಓಡಿಬಂದಳು.

ಒಂದು ದಿನ ಮೇಷ್ಟರ ಹೆಂಡತಿ ಮೀನಾಕ್ಷಮ್ಮ ಅವಳ ಕೈ ಹಿಡಿದುಕೊಂಡು, "ಅಷ್ಟು ಸಣ್ಣ ಕೂಸು ಬಿಟ್ಟು ನಮ್ಮ ಮಕ್ಕಳನ್ನ ನೋಡಾಕೆ ಬಂದಿದ್ದೀಯಲ್ಲೇ" ಎಂದು ಅತ್ತೇಬಿಟ್ಟಳು. ಎಲ್ಲ ಹೇಳಿಬಿಡಬೇಕೆಂದು ಶರಾವತಿ ಆವತ್ತೇ ನಿಶ್ಚಯಿಸಿದಳು. ಹೇಳಿಯೂ ಬಿಡುತ್ತಿದ್ದಳೇನೋ, ಮೂಕಮ್ಮ ಅಡ್ಡ ಬರದಿದ್ದರೆ.

ಮೂಕಮ್ಮ ಹುಲಿಯಮ್ಮನ ಸೊಸೆ, ಮಗ ಶೇಷಪ್ಪನ ಹೆಂಡತಿ, ಇಪ್ಪತ್ತೆರಡರ ಹುಡುಗಿ. ಚೊಚ್ಚಲು ತವರಿನಲ್ಲಾಗಿತ್ತು, ಎರಡು ವರ್ಷದ ಹಿಂದೆ. ನೋವು ಶುರುವಾದ ಗಳಿಗೆಯಿಂದಲೇ ಮುಕ್ಕು ಮುಕ್ಕು ಎಂದು ತಿಣುಕಿಸಿದ್ದರು, ಮೇಲಿನಿಂದ ಹೊಟ್ಟೆ ಒತ್ತಿದ್ದರು, ಬಾಯಿಗೆ ಹನಿ ನೀರು ಬಿಟ್ಟಿರಲಿಲ್ಲ. ಮೂರನೇ ದಿನ ಹುಟ್ಟಿದ ಮಗು ಅಳಲಿಲ್ಲ. ಆಮೇಲೆ ಅವಳ ತಾಯಿಯೂ ಹೋದಳು. ಈಗ ಮತ್ತೆ ಏಳು ತಿಂಗಳು; ಹೆರಿಗೆ ಗಂಡನ ಮನೆಯಲ್ಲೇ ಆಗಬೇಕು.

"ಅಕ್ಕ, ಈ ಸಲ ನಾನು ಉಳಿಯಲ್ಲ" ಎಂದಳು ಮೂಕಮ್ಮ, ಬಾವಿಯ ಹತ್ತಿರ, ಕೊಡ ಕೆಳಗಿಡದೆಯೇ. ಅಳಲಿಲ್ಲ. ನಾಳೆ ಸಂತೆ ಎಂದಷ್ಟೇ ಸಲೀಸಾಗಿ ಹೇಳಿದಳು.

ಶರಾವತಿ ಸೀದಾ ಹುಲಿಯಮ್ಮನ ಹತ್ತಿರ ಹೋಗಿ, ಈ ಹೆರಿಗೆಯನ್ನು ಮೊದಲಿಂದ ಕೊನೆಯವರೆಗೆ ತಾನು ನೋಡಿಕೊಳ್ಳುತ್ತೇನೆ, ಬೇರೆ ಯಾರೂ ಕೈ ಹಾಕಬಾರದು ಎಂದಳು. ಹುಲಿಯಮ್ಮ ಎಲೆಗೆ ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟುಕೊಂಡಳು.

"ನೀನು ಹೆತ್ತವಳು ಅಂತ ಒಪ್ತಿದೀನಿ ನರ್ಸಮ್ಮ. ಇಲ್ದಿದ್ರೆ ನನ್ ಸೊಸೆನ ಮುಟ್ಟಾಕೆ ಬಿಡ್ತಿರ್ಲಿಲ್ಲ."

ಆಯಿತಲ್ಲ. ಈಗ ನಿಜ ಹೇಳಿದರೆ ಮೂಕಮ್ಮ ಕೈತಪ್ಪುತ್ತಾಳೆ. ಮತ್ತದೇ ಕತ್ತಲೆ ಕೋಣೆ, ಹೊಟ್ಟೆ ಒತ್ತುವ ಅದೇ ಕೈಗಳು. ಶರಾವತಿ ಬಾಯಿಗೆ ಬಂದಿದ್ದನ್ನು ನುಂಗಿಕೊಂಡಳು. ಇನ್ನೆರಡು ತಿಂಗಳು ಉಮಾಮಹೇಶ್ವರ ಬದುಕಿರಲಿ ಎಂದುಕೊಂಡಳು.

ಆ ಎರಡು ತಿಂಗಳು ಅವನಿಗೆ ಬಿಡುವಿರಲಿಲ್ಲ. ಹುಟ್ಟುವ ಮೊದಲು ಮಗುವಿಗೆಂದು ಒಂದು ಚಿಂದಿಯನ್ನೂ ಎತ್ತಿಡಬಾರದು ಎಂಬುದು ಮನೆಯ ಪದ್ಧತಿ. ಉಮಾಮಹೇಶ್ವರನಿಗೆ ಆರನೇ ತಿಂಗಳಿಗೇ ಎತ್ತಿಟ್ಟಿದ್ದೆ ಎಂದದ್ದಕ್ಕೆ, ಹಳೆಯ ಮೆತ್ತನೆ ಸೀರೆ ಪಂಚೆಗಳೆಲ್ಲ ಕುದಿಯುವ ನೀರಲ್ಲಿ ಬೆಂದು, ಸುಡುಬಿಸಿಲಲ್ಲಿ ಒಣಗಿ, ದಿಂಬಿನ ಚೀಲ ಸೇರಿ ಅಟ್ಟದ ತೊಲೆಗೆ ನೇತಾಡಿದವು. ಜೊತೆಗೆ ಹೊಸ ಬ್ಲೇಡು, ಬಿಳಿ ದಾರ, ಒಂದು ಸೋಪು. ಕೋಣೆಯ ಕಿಟಕಿಗೆ ಹೊಡೆದಿದ್ದ ಮೊಳೆಯನ್ನು ಶೇಷಪ್ಪ ಕಿತ್ತ. ಊರಿನಲ್ಲಿ ಜೀಪಿದ್ದದ್ದು ಮುಕುಂದಯ್ಯನವರಿಗೆ ಮಾತ್ರ. ನೋವು ಶುರುವಾದ ದಿನ ಅದು ಎಲ್ಲೂ ಹೋಗಬಾರದು, ದೀಪ ಹಚ್ಚುವ ಹೊತ್ತಾದರೂ ಹೆರಿಗೆಯಾಗದಿದ್ದರೆ ತೀರ್ಥಹಳ್ಳಿ ಆಸ್ಪತ್ರೆಗೆ ಎಂದು ಮಾತಾಯಿತು.

ಉಸಿರಾಟ ಕಲಿಸುವುದೇ ಕಷ್ಟವಾಯಿತು. ನೋವು ಬಂದಾಗ ಮೈ ಬಿಗಿ ಹಿಡಿಯಬಾರದು, ಉಸಿರನ್ನು ನಿಧಾನವಾಗಿ ಬಿಡಬೇಕು. ಪುಸ್ತಕದ ಮಾತಿನಲ್ಲಿ ಹೇಳಿದರೆ ಮೂಕಮ್ಮ ದಮ್ಮು ಕಟ್ಟಿ ಕಣ್ಣು ಬಿಡುತ್ತಿದ್ದಳು. ಕೊನೆಗೆ ಶರಾವತಿ ಒಲೆಯ ಮುಂದಿನ ಊದುಗೊಳವೆ ತೆಗೆದು ಅವಳ ಕೈಗಿಟ್ಟಳು. "ಬೂದಿ ಹಾರಬಾರ್ದು, ಕೆಂಡ ಆರಬಾರ್ದು. ಅಷ್ಟು ಮೆತ್ತಗೆ, ಅಷ್ಟು ಉದ್ದಕ್ಕೆ ಊದು." ಮೂಕಮ್ಮನಿಗೆ ಒಂದೇ ದಿನಕ್ಕೆ ಬಂತು. ಹುಟ್ಟಿದಾಗಿನಿಂದ ಊದಿದವಳು. ತೋರಿಸಲು ಹೋದ ಶರಾವತಿಯೇ ಮುಖದ ತುಂಬ ಬೂದಿ ಮಾಡಿಕೊಂಡು ಕೆಮ್ಮಿದ್ದು.

ಸೊಂಟ ಒತ್ತುವುದನ್ನು ಹುಲಿಯಮ್ಮನಿಗೆ ಕಲಿಸಲು ಹೋದಾಗ ಮಾತ್ರ, "ಅತ್ತೆ ಆದವಳು ಸೊಸೆ ಸೊಂಟ ತಿಕ್ಕದಾ" ಎಂದು ಅವಳು ಎದ್ದೇ ಹೋದಳು. ಅಸ್ಸಾಮಿನ ಸೈನಿಕನ ತಾಯಿ ತನಗೆ ತಿಕ್ಕಿದ್ದರು ಎಂದು ಶರಾವತಿ ಹಿಂದಿನಿಂದ ಕೂಗಿ ಹೇಳಿದಳು. ಇಲ್ಲದ ಅತ್ತೆ ಹುಲಿಯಮ್ಮನನ್ನು ಬಗ್ಗಿಸಲಿಲ್ಲ.

ಫೆಬ್ರವರಿಯ ಒಂದು ಮಂಗಳವಾರ ಬೆಳಕು ಹರಿಯುವಾಗ ಶೇಷಪ್ಪ ಸಬ್‌ಸೆಂಟರಿಗೆ ಓಡಿ ಬಂದ. ಏಳು ಗಂಟೆಗೆ ಶರಾವತಿ ಕೋಣೆಯಲ್ಲಿದ್ದಳು. ಎಲ್ಲ ಲೆಕ್ಕಾಚಾರದಂತೆ ನಡೆಯುತ್ತಿತ್ತು. ಮೂಕಮ್ಮ ನಡುಮನೆಯಲ್ಲಿ ಅತ್ತಿಂದಿತ್ತ ನಡೆದಳು, ಗಂಜಿ ಕುಡಿದಳು, ನೋವು ಬಂದಾಗ ಕಂಬ ಹಿಡಿದು ಕೆಂಡ ಊದುವಂತೆ ಉಸಿರು ಬಿಟ್ಟಳು. ಶರಾವತಿಗೆ ತನ್ನ ಬಗ್ಗೆ ಬಹಳ ಹೆಮ್ಮೆಯಾಯಿತು. ಶಿವಮೊಗ್ಗದಲ್ಲಿ ಪಾಠ ಹೇಳಿದ ಸಿಸ್ಟರ್ ಒಬ್ಬರು ಈಗ ಬಂದು ನೋಡಬೇಕಿತ್ತು ಎಂದುಕೊಂಡಳು. ಒಂಬತ್ತರ ಬಸ್ಸು ಬಂತು. ಇಳಿದದ್ದು ಸಿಸ್ಟರ್ ಅಲ್ಲ, ಗುತ್ಯಪ್ಪ.

ಸಬ್‌ಸೆಂಟರಿಗೆ ಬೀಗ ನೋಡಿ, ಕೇಳಿಕೊಂಡು, ಹುಲಿಯಮ್ಮನ ಮನೆ ಜಗಲಿಗೇ ಬಂದು ಕೂತ. ಶರಾವತಿ ಒಳಗೆ ಮೂಕಮ್ಮನನ್ನು ಎಡಮಗ್ಗುಲಿಗೆ ಮಲಗಿಸಿ, ಸಬ್‌ಸೆಂಟರಿನ ಕಿವಿಗೊಳವೆಯನ್ನು ಹೊಟ್ಟೆಗಿಟ್ಟು ಮಗುವಿನ ಎದೆಬಡಿತ ಎಣಿಸುತ್ತಿದ್ದಳು. ಒಂದು ಕಿವಿ ಕೊಳವೆಯಲ್ಲಿತ್ತು. ಇನ್ನೊಂದಕ್ಕೆ ಜಗಲಿಯ ಮಾತು ಚೆನ್ನಾಗಿ ಕೇಳಿಸುತ್ತಿತ್ತು.

"ನರ್ಸಮ್ಮನ ಅಪ್ಪನಾ? ಬನ್ನಿ, ಕೂತ್ಕಳಿ. ಮೊಮ್ಮಗನ್ನ ಕರ್ಕಂಡ್ ಬರಾದಲ್ವಾ?" ಹುಲಿಯಮ್ಮ ಕೇಳಿದಳು.

"ಯಾರ್ ಮೊಮ್ಮಗ?"

"ನಿಮ್ದೇ. ಉಮಾಮಹೇಶ್ವರ."

"ನಂಗೆಲ್ಲಿ ಬಂತ್ರಮ್ಮ ಮೊಮ್ಮಗ. ಇರಾಳು ಒಬ್ಳೇ ಮಗಳು. ಅವಳಿಗೇ ಇನ್ನೂ ಗಂಡು ಗೊತ್ತಾಗ್ಲಿಲ್ಲ ಅಂತ ಒದ್ದಾಡ್ತಿದೀನಿ. ಈಗೊಂದು ಕೂಡಿ ಬಂದಿದೆ. ಭಾನುವಾರ ಹುಡುಗಿ ನೋಡಾಕೆ ಬರ್ತಾರೆ, ಹೇಳಿ ಹೋಗಾಣ ಅಂತ ಬಂದೆ."

ಮಗುವಿನ ಎದೆಬಡಿತ ನಿಮಿಷಕ್ಕೆ ನೂರ ನಲವತ್ತಿತ್ತು. ತನ್ನದು ಎಷ್ಟಿತ್ತೆಂದು ಶರಾವತಿ ಎಣಿಸಲಿಲ್ಲ.

ಸುಳ್ಳಿಗೆ ಪಳಗಿದ ನಾಲಿಗೆಯಲ್ಲವೇ, ಇನ್ನೊಂದು ಆಗಲೇ ತಯಾರಾಗಿತ್ತು: ಅಪ್ಪನಿಗೆ ಈಚೆಗೆ ಮರೆವು, ತಲೆ ನೆಟ್ಟಗಿಲ್ಲ. ಅಷ್ಟು ಹೇಳಿದರೆ ಸಾಕು, ಸಂಜೆಯವರೆಗೆ ನಡೆಯುತ್ತದೆ. ಆದರೆ ಜಗಲಿಯ ಮಾತು ಮೂಕಮ್ಮನಿಗೂ ಕೇಳಿಸಿತ್ತು. ಅವಳು ಶರಾವತಿಯ ಮುಂಗೈ ಹಿಡಿದು, ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣಿನ ಮುಂದೆ, ಮಗಳನ್ನು ಓದಿಸಿದ ಅಪ್ಪನನ್ನು ಹುಚ್ಚ ಎನ್ನಲು ಶರಾವತಿಗೆ ಬಾಯಿ ಬರಲಿಲ್ಲ.

ಹುಲಿಯಮ್ಮ ಬಂದು ಬಾಗಿಲಲ್ಲಿ ನಿಂತಳು. "ನಿನ್ ಅಪ್ಪ ಹೇಳದು ನಿಜನಾ?"

"ನಿಜ. ಮಗ ಇಲ್ಲ. ಗಂಡನೂ ಇಲ್ಲ. ಈ ಕರಿಮಣಿ ನಾನೇ ತಗಂಡಿದ್ದು."

"ಹಂಗಾದ್ರೆ ನೀನು ಹೆತ್ತಿಲ್ಲ."

"ಇಲ್ಲ. ನೋಡಿದ್ದು, ಮಾಡ್ಸಿದ್ದು ಗೊತ್ತು. ಹೆತ್ತು ಗೊತ್ತಿಲ್ಲ."

ಹುಲಿಯಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. "ಹೊರಗ್ ನಡಿ" ಎಂದಳು. "ನನ್ ಸೊಸೆ ಜೀವದ್ ಜೊತೆ ಆಟ ಆಡಿದ್ಯಲ್ಲೇ."

"ಸುಳ್ಳು ಹೇಳಿದ್ದು ನನ್ ಬಗ್ಗೆ ಅಮ್ಮ. ಇವಳಿಗೆ ಮಾಡ್ಸಿದ್ದು ಒಂದೂ ಸುಳ್ಳಲ್ಲ. ನಾನು ಬ್ಯಾಡ ಅಂದ್ರೆ ಹೋಗ್ತೀನಿ. ಆದ್ರೆ ಇವಳನ್ನ ಈಗ್ಲೇ ಮುಕುಂದಯ್ಯನವರ ಜೀಪಲ್ಲಿ ತೀರ್ಥಹಳ್ಳಿಗೆ ಕಳ್ಸಿ. ಹೊಟ್ಟೆ ಒತ್ತೋರ ಕೈಗೆ ಮಾತ್ರ ಕೊಡಬ್ಯಾಡಿ. ನಿಮ್ ಕಾಲಿಗ್ ಬೀಳ್ತೀನಿ." ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿದಳು.

ಹುಲಿಯಮ್ಮ ಅವಳನ್ನು ದಾಟಿಕೊಂಡು ಬಂದು ಸೊಸೆಯ ತಲೆಯ ಹತ್ತಿರ ಕೂತಳು. "ನಾನಿದೀನಿ, ಹೆದ್ರಬ್ಯಾಡ" ಎಂದಳು. ಅಷ್ಟರಲ್ಲಿ ಇನ್ನೊಂದು ನೋವು ಬಂತು, ಹಿಂದಿನವುಗಳಿಗಿಂತ ದೊಡ್ಡದು. ಮೂಕಮ್ಮ ಅತ್ತೆಯ ಸೆರಗು ಹಿಡಿದಳು.

"ಅತ್ತೆ, ನೀವ್ ಏಳು ಹೆತ್ತೋರು. ಈಗ ನಾನ್ ಎಂತ ಮಾಡ್ಲಿ, ಹೇಳಿ."

ಊರಿಗೆಲ್ಲ ಬುದ್ಧಿ ಹೇಳುವ ಹುಲಿಯಮ್ಮ ಸೊಸೆಯ ಹಣೆಯ ಬೆವರು ಒರೆಸಿದಳು. ನೋವು ಏರಿ ಇಳಿಯಿತು.

"ಗೊತ್ತಿಲ್ಲ ಕಣೇ" ಎಂದಳು ಕೊನೆಗೆ, ತನಗೇ ಆಶ್ಚರ್ಯವಾದಂತೆ. "ಏಳೂ ಸಲ ಬಾಯಿಗೆ ಸೆರಗು ತುರುಕ್ಕಂಡು ಕಣ್ ಮುಚ್ಕಂಡಿದ್ದೆ. ಎಂತ ಮಾಡ್ಬೇಕು ಅಂತ ಯಾರ್ ಹೇಳಿದ್ರು ನಂಗೆ? ಸುಮ್ನಿರು, ಗಂಡಸ್ರಿಗೆ ಕೇಳುತ್ತೆ ಅಂದ್ರು ಅಷ್ಟೇ."

"ಹಂಗಾದ್ರೆ ಅಕ್ಕ ಇರ್ಲಿ ಅತ್ತೆ. ಅವಳು ಹೇಳಿಕೊಟ್ಟಿದಾಳೆ" ಎಂದಳು ಮೂಕಮ್ಮ.

ಹುಲಿಯಮ್ಮ ಶರಾವತಿಯ ಕಡೆ ತಿರುಗಿ ನೋಡಲಿಲ್ಲ. ಗೋಡೆಗೆ ಹೇಳಿದಂತೆ ಹೇಳಿದಳು: "ಸೊಂಟ ಎಲ್ಲಿ ಒತ್ಬೇಕು, ತೋರ್ಸು."

ಆಮೇಲೆ ನಡೆದದ್ದನ್ನು ಶರಾವತಿ ಎಷ್ಟೋ ಸಲ ಹೇಳಿದ್ದಾಳೆ, ತನ್ನನ್ನು ಬಿಟ್ಟು ಉಳಿದವರನ್ನೆಲ್ಲ ಹೊಗಳಿ. ಹುಲಿಯಮ್ಮ ಬಿಸಿ ಎಣ್ಣೆ ಹಚ್ಚಿ, ಅಂಗೈ ಬುಡ ಊರಿ, ನಾಲ್ಕು ಗಂಟೆ ಒಂದೇ ಸಮನೆ ಒತ್ತಿದಳು. ಮೂಕಮ್ಮ ಮುಕ್ಕಬೇಡ ಎಂದಾಗ ಮುಕ್ಕಲಿಲ್ಲ, ಮುಕ್ಕು ಎಂದಾಗ ಮುಕ್ಕಿದಳು. ತಾನು ಮಾತ್ರ ಸೋಪು ಹಚ್ಚಿ ಕೈ ತೊಳೆದದ್ದನ್ನು ಮರೆತು ಮೂರು ಸಲ ತೊಳೆದೆ ಎಂದು ನಗುತ್ತಿದ್ದಳು. ಜಗಲಿಯಲ್ಲಿ ಗುತ್ಯಪ್ಪನಿಗೆ ಅವಲಕ್ಕಿ, ಕಾಫಿ ಸಿಕ್ಕಿತು. ಬಂದು ಹೋಗುವ ಹೆಂಗಸರೆಲ್ಲ ಮೊಮ್ಮಗನನ್ನು ವಿಚಾರಿಸಿದ್ದರಿಂದ ಈ ಊರಿನವರಿಗೆ ಯಾವುದೋ ಅಂಟುರೋಗ ಬಂದಿದೆಯೆಂದು ಅವನು ಗಾಬರಿಯಾಗಿದ್ದ. ಮುಕುಂದಯ್ಯನವರು ಜೀಪು ತಂದು ಅಂಗಳದಲ್ಲೇ ನಿಲ್ಲಿಸಿಕೊಂಡು ಕೂತಿದ್ದರು.

ಎರಡೂಕಾಲಿಗೆ ಮಗು ಹುಟ್ಟಿತು. ಹೆಣ್ಣು. ಹುಟ್ಟಿದ ಕೂಡಲೇ ಅತ್ತಿತು, ಜಗಲಿಗೆ ಕೇಳುವಷ್ಟು ಜೋರಾಗಿ. ದಾರ ಕಟ್ಟಿ, ಕುದಿಸಿದ ಬ್ಲೇಡಿನಿಂದ ಹೊಕ್ಕಳು ಬಳ್ಳಿ ಕತ್ತರಿಸಿ, ಒರೆಸಿ ತಾಯಿಯ ಎದೆಯ ಮೇಲಿಟ್ಟಾಗ ಮೂಕಮ್ಮ ಅದರ ಬಾಯಿಯ ಹತ್ತಿರ ಕಿವಿ ಇಟ್ಟು ಬಹಳ ಹೊತ್ತು ಕೇಳಿದಳು. "ಅಳ್ತಿದೆ ಅಕ್ಕ" ಎಂದಳು. ಬೇರೆ ಯಾರಿಗೂ ಗೊತ್ತಾಗದ್ದನ್ನು ತಾನೇ ಕಂಡುಹಿಡಿದಂತೆ ಎರಡು ಸಲ ಹೇಳಿದಳು. ರಕ್ತ ಹೆಚ್ಚು ಹೋಗಲಿಲ್ಲ, ಮಾಸು ಪೂರ್ತಿ ಬಂತು.

ಹೊರಗೆ ಬಂದ ಮಗಳ ಕುತ್ತಿಗೆ ನೋಡಿ ಗುತ್ಯಪ್ಪ, "ಇದನ್ನ ಯಾರೇ ಕಟ್ಟಿದ್ದು?" ಎಂದ. "ನಾನೇ" ಎಂದಳು. ಅವನು, "ಭಾನುವಾರ ಬರೋರಿಗೆ ಎಂತ ಹೇಳ್ಲಿ?" ಎಂದು ಕೇಳಿದ. ಹೇಳುವ ಕಷ್ಟ ಬರಲಿಲ್ಲ. ಮದುವೆಯಾಗದ ನರ್ಸಿಗೆ ಒಂದು ವರ್ಷದ ಮಗನಿದ್ದ ಕಥೆ ಗುತ್ಯಪ್ಪನಿಗಿಂತ ಮೊದಲೇ ಬಸ್ಸು ಹತ್ತಿ ಸಾಗರ ಮುಟ್ಟಿತ್ತು. ಆ ಗಂಡಿನವರು ಬರಲೇ ಇಲ್ಲ. ಎರಡು ವರ್ಷ ತಡವಾಗಿ ಶರಾವತಿಗೆ ಮದುವೆಯಾಯಿತು. ಗಂಡ ಶ್ರೀಕೃಷ್ಣ ಹೊಸನಗರದಲ್ಲಿ ಪೋಸ್ಟ್‌ಮ್ಯಾನ್. ಅವನು ಮೊದಲು ಕೇಳಿದ್ದೇ ಅಸ್ಸಾಮಿನವನು ರಜೆಗೆ ಬರುತ್ತಾನೋ ಎಂದು.

ಇದೆಲ್ಲ ನಗುತ್ತ ಹೇಳುತ್ತಿದ್ದ ಭಾಗ. ಆ ಮಧ್ಯಾಹ್ನದ್ದು ಇನ್ನೊಂದಿದೆ. ಅದನ್ನು ಹೇಳುವಾಗ ಶರಾವತಿ ನಗುತ್ತಿರಲಿಲ್ಲ, ಎಲ್ಲರಿಗೂ ಹೇಳುತ್ತಲೂ ಇರಲಿಲ್ಲ.

ಮೂಕಮ್ಮ ನಿದ್ದೆ ಹೋದ ಮೇಲೆ ಅವಳು ಬಚ್ಚಲಲ್ಲಿ ಕತ್ತರಿ, ತಟ್ಟೆ ಉಜ್ಜುತ್ತಿದ್ದಳು. ಹುಲಿಯಮ್ಮ ಪಕ್ಕದಲ್ಲಿ ಬಟ್ಟೆ ನೆನೆಹಾಕುತ್ತಿದ್ದಳು. ಈಗ ಬೈಗುಳ ಬರುತ್ತದೆ ಎಂದು ಶರಾವತಿ ತಲೆ ತಗ್ಗಿಸಿಕೊಂಡೇ ಕಾದಳು.

"ನಂಗೆ ಏಳರಲ್ಲಿ ಉಳಿದಿದ್ದು ಎರಡು" ಎಂದಳು ಹುಲಿಯಮ್ಮ. "ಮೊದಲ್ನೇದು ಎರಡು ದಿನ ನೋವು ತಿಂದು ಹುಟ್ತು. ನೀಲಿ ಇತ್ತು. ನನ್ ತಪ್ಪಾ?"

"ಅಲ್ಲ ಅಮ್ಮ."

"ಎರಡನೇದು ತಿಂಗಳು ತುಂಬಿರ್ಲಿಲ್ಲ. ಗದ್ದೆ ಕೆಲಸಕ್ಕೆ ಹೋಗಿದ್ದೆ. ನನ್ ತಪ್ಪಾ?"

ಹೀಗೆ ಒಂದೊಂದಾಗಿ ಹೇಳಿದಳು. ಯಾವುದು ಗಂಡು, ಯಾವುದು ಹೆಣ್ಣು, ಯಾವುದಕ್ಕೆ ತಲೆಗೂದಲು ಎಷ್ಟಿತ್ತು, ಒಂದನ್ನೂ ಮರೆತಿರಲಿಲ್ಲ. ಪ್ರತಿ ಸಲ ಅದೇ ಪ್ರಶ್ನೆ. ಶರಾವತಿ ತಿಳಿದಷ್ಟು ಹೇಳಿದಳು, ತಿಳಿಯದ್ದಕ್ಕೆ ತಿಳಿಯದು ಎಂದಳು. ಐದನೆಯದೊಂದನ್ನು ಹೇಳುವುದು ಬಾಕಿ ಉಳಿಯಿತು.

"ಅದು ಚೆನ್ನಾಗಿತ್ತು. ಎಲ್ಲಕ್ಕಿಂತ ಚೆನ್ನಾಗಿತ್ತು. ಹಾಲು ಕುಡೀತಿತ್ತು. ಏಳನೇ ದಿನ ದವಡೆ ಕಚ್ಕಂತು, ಮೈ ಬಿಲ್ಲಿನಂಗೆ ಬಗ್ತು, ಹೋಯ್ತು." ಹುಲಿಯಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. "ಹೊಕ್ಕಳು ಕೊಯ್ದಿದ್ದು ಕುಡಗೋಲಲ್ಲಿ. ಆ ಕುಡಗೋಲು ನಾನೇ ತೊಳ್ದು ಇಟ್ಟಿದ್ದೆ. ಇವತ್ತು ನೀನು ಬ್ಲೇಡು ಕುದಿಸಾದ್ ನೋಡಿದೆ. ಅದಕ್ಕೇ ಕೇಳ್ತಿದೀನಿ."

ಶರಾವತಿಗೆ ಉತ್ತರ ಗೊತ್ತಿತ್ತು. ಅಲ್ಲ ಎಂದುಬಿಡುವುದು ಎಷ್ಟು ಸುಲಭವೆಂಬುದೂ ಗೊತ್ತಿತ್ತು. ಎಂಟು ತಿಂಗಳು ಇದೇ ಊರಿಗೆ ಅವಳು ಅದಕ್ಕಿಂತ ದೊಡ್ಡದನ್ನು ಕಣ್ಣು ಮಿಟುಕಿಸದೆ ಹೇಳಿದ್ದಳು.

"ಕುಡಗೋಲಿಂದಲೇ ಆಗಿದ್ದು ಅಮ್ಮ" ಎಂದಳು. "ನೀರಲ್ಲಿ ತೊಳೆದ್ರೆ ಆ ವಿಷ ಹೋಗಲ್ಲ. ಕುದಿಸ್ಬೇಕು. ಅದನ್ನ ನಿಮ್ಗೆ ಯಾರೂ ಹೇಳಿರ್ಲಿಲ್ಲ. ನೀವು ಗೊತ್ತಿದ್ದಷ್ಟು ಮಾಡಿದ್ರಿ."

ಹುಲಿಯಮ್ಮನ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಶರಾವತಿಯೂ ಅತ್ತಳು. ಆಮೇಲೆ ಹುಲಿಯಮ್ಮ ಎದ್ದು ಬಟ್ಟೆಗಳನ್ನು ಕೊಡವಿ ಬಿಸಿಲಿಗೆ ಹರವಿದಳು.

"ನಾಳೆ ಬೆಳಿಗ್ಗೆ ಬಾ ನರ್ಸಮ್ಮ. ಮೇಲಿನ ಕೇರೀಲಿ ಇನ್ನೂ ಇಬ್ರು ಬಸುರಿಯರಿದಾರೆ. ನಿನ್ ಜೊತೆ ನಾನೂ ಬರ್ತೀನಿ. ಆ ಕುಡಗೋಲಿನ ವಿಷಯ ಅವರಿಗೆ ನಾನೇ ಹೇಳ್ತೀನಿ."